ನಾಯಿ ಏಳದ ಹಲಗೆ

“ನೀನೇ ಕಿತ್ತಿದ್ದು ತಾನೇ?” ಅಪ್ಪ ಬಣ್ಣದ ಚಕ್ಕೆಯೊಂದನ್ನು ಎತ್ತಿ ಹಿಡಿದು ಕೇಳಿದ.

ಹುಡುಗಿ ಉಗುರುಗಳನ್ನು ಬೆನ್ನ ಹಿಂದೆ ಬಚ್ಚಿಟ್ಟಳು. “ಒಂದೇ ಒಂದು. ಉಳಿದದ್ದೆಲ್ಲ ತಾನಾಗೇ ಎದ್ದಿದ್ದು. ಯಾಕಪ್ಪಾ ಏಳುತ್ತೆ?”

“ಶುರುವಾಯ್ತು ಯಾಕಮ್ಮನ ಯಾಕೆ,” ಎಂದು ಅಜ್ಜಿ ಬಾಗಿಲಲ್ಲೇ ನಕ್ಕಳು. ಎಲ್ಲ ಮಾತಿಗೂ ಮೊದಲು ‘ಯಾಕೆ’ ಕಲಿತ ಮೊಮ್ಮಗಳಿಗೆ ಅವಳೇ ಇಟ್ಟ ಹೆಸರು ಅದು.

ಮನೆಯ ಮುಂದಿನ ಮರದ ಜಗಲಿಗೆ ಅಪ್ಪ ಹೋದ ತಿಂಗಳಷ್ಟೇ ಹಸಿರು ಪೇಂಟ್ ಬಳಿದಿದ್ದ. ಈಗ ಅದು ಬಿಸಿಲಿಗೆ ಬಿರಿದ ಕೆರೆಯ ಕೆಸರಿನ ಹಾಗೆ ಚಕ್ಕೆಚಕ್ಕೆಯಾಗಿ ಎದ್ದಿತ್ತು.

“ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯ್ತು,” ಅಪ್ಪ ಚಕ್ಕೆಯನ್ನು ಎಸೆದ. “ಹಲಗೆಯೇ ಸರಿಯಿಲ್ಲ. ಎಲ್ಲ ಕಿತ್ತುಹಾಕಿ ಸಿಮೆಂಟ್ ಹಾಕಿಸಿಬಿಡ್ತೀನಿ.”

ಯಾಕಮ್ಮ ಕಾಲಡಿಯ ಹಲಗೆಯನ್ನು ಹೆಬ್ಬೆರಳಿಂದ ಒತ್ತಿದಳು. ಸಿಮೆಂಟಿನ ಮೇಲೆ ಹೆಜ್ಜೆ ಮಾತಾಡುವುದಿಲ್ಲ. ಈ ಹಲಗೆಗಳಾದರೆ, ಅವಳು ಒಳಗೆ ಹೋಮ್‌ವರ್ಕ್ ಮಾಡುತ್ತ ಕೂತಿದ್ದರೂ ಬಂದವರು ಯಾರೆಂದು ಹೇಳಿಬಿಡುತ್ತಿದ್ದವು. ಅಜ್ಜಿಯದು ಟಕ್... ಟಕ್. ಅಪ್ಪನದು ಯಾವಾಗಲೂ ಧಡಧಡ, ಬಸ್ಸು ತಪ್ಪಿಹೋಗುತ್ತದೇನೋ ಎಂಬಂತೆ.

ಅಪ್ಪ ಒಳಗೆ ಹೋದ ಮೇಲೆ ಅವಳು ಮಂಡಿಯೂರಿ ಹಲಗೆಯಿಂದ ಹಲಗೆಗೆ ಹೊರಟಳು. ಒಂದು ಚಕ್ಕೆ ತಿರುವಿದಳು. ಹಿಂಬದಿ ತಣ್ಣಗಿತ್ತು. ಮೂಸಿದಳು, ಒಣಗದ ಬಟ್ಟೆಯ ಮುಗ್ಗಲು ವಾಸನೆ. ಮಳೆಯೇ ಬಂದಿಲ್ಲವಲ್ಲ, ನೀರೆಲ್ಲಿಂದ ಬಂತು?

ಮೂಲೆಯಲ್ಲಿ ಮನೆಯ ನಾಯಿ ಸೋಮಾರಿ ಹೆಸರಿಗೆ ತಕ್ಕಂತೆ ಬಿದ್ದುಕೊಂಡಿತ್ತು. “ಸರಿಯೋ ಮಹಾರಾಯ,” ಎಂದು ತಳ್ಳಿದ ಮೇಲೆ ಒಲ್ಲದ ಮನಸ್ಸಿನಿಂದ ಎದ್ದಿತು. ಅದರ ಕೆಳಗಿನ ಹಲಗೆ ನೋಡಿ ಯಾಕಮ್ಮ ಅಲ್ಲೇ ಕೂತಳು. ಒಂದು ಗುಳ್ಳೆಯಿಲ್ಲ, ಒಂದು ಚಕ್ಕೆಯಿಲ್ಲ.

“ಅಜ್ಜೀ, ಸೋಮಾರಿ ಮಲಗೋ ಹಲಗೆಗೆ ಬೇರೆ ಪೇಂಟಾ?”

“ಡಬ್ಬ ಅದೇ ಕಣೇ. ಅವತ್ತು ಇದರ ಕಾಲಿಗೆ ಗಾಯ ಆಗಿತ್ತಲ್ಲ, ಎಬ್ಬಿಸೋಕೆ ಹೋದ್ರೆ ಗುರ್ ಅಂತಿತ್ತು. ನಿಮ್ಮಪ್ಪ ಜಗಲಿಗೆಲ್ಲ ಬಕೆಟ್‌ಗಟ್ಟಲೆ ನೀರು ಸುರಿದು ತೊಳೆದ, ಸಂಜೆಯೊಳಗೆ ಬಣ್ಣಾನೂ ಬಳಿದ. ಇದೊಂದನ್ನ ತೊಳೆಯೋಕೆ ಆಗಲಿಲ್ಲ. ಮುಂದಿನ ಭಾನುವಾರ ಬರೀ ಕೆರೆದು, ಒರೆಸಿ ಬಳಿದ.”

ಯಾಕಮ್ಮ ಕೈಯಲ್ಲಿದ್ದ ಒದ್ದೆ ಚಕ್ಕೆಯನ್ನು ನೋಡಿದಳು, ನಾಯಿಯನ್ನು ನೋಡಿದಳು. ಆಮೇಲೆ ಒಳಗೆ ಓಡಿದಳು.

“ಅಪ್ಪಾ, ಬಾ ಇಲ್ಲಿ. ನಿನಗಿಂತ ಸೋಮಾರಿನೇ ಚೆನ್ನಾಗಿ ಕೆಲಸ ಮಾಡಿದೆ. ನೀನು ನೀರಿನ ಮೇಲೇ ಮುಚ್ಚಳ ಹಾಕಿದ್ದೀಯ.”

ಅಪ್ಪ ಬಗ್ಗಿ ನೋಡಿದ. ಆ ಹಲಗೆ, ಈ ಹಲಗೆ. “ಇರೋದೊಂದು ಭಾನುವಾರ. ಒಣಗಲಿ ಅಂತ ಕಾಯ್ತಾ ಕೂತ್ರೆ ಆಗುತ್ತಾ?” ಎಂದು ಗೊಣಗಿದ. ಆದರೆ ಸಿಮೆಂಟಿನ ಮಾತು ಮತ್ತೆ ಎತ್ತಲಿಲ್ಲ.

ಮುಂದಿನ ಭಾನುವಾರ ಇಬ್ಬರೂ ಸೇರಿ ಹಳೆಯ ಬಣ್ಣ ಕೆರೆದರು, ಉಪ್ಪುಕಾಗದ ಹಾಕಿ ಉಜ್ಜಿದರು, ಧೂಳು ತೊಳೆದರು. ಬಿಸಿಲು ಇಳಿಯುವ ಹೊತ್ತಿಗೆ ಅಪ್ಪನ ಕೈ ತಾನಾಗಿಯೇ ಬ್ರಷ್ಷಿನ ಕಡೆ ಹೋಯಿತು.

ಯಾಕಮ್ಮ ಹಲಗೆಯ ಮೇಲೆ ಅಂಗೈ ಇಟ್ಟಳು. “ಇನ್ನೂ ತಣ್ಣಗಿದೆ.”

ಅಪ್ಪ ತಾನೂ ಅಂಗೈ ಇಟ್ಟು ನೋಡಿದ. ಬ್ರಷ್ಷನ್ನು ಡಬ್ಬದ ಮೇಲೆ ಅಡ್ಡ ಇಟ್ಟ. ಆಮೇಲೆ ಏನು ಮಾಡಬೇಕೆಂದು ತಿಳಿಯದವನಂತೆ ಸುತ್ತ ನೋಡಿ, ಸೋಮಾರಿಯ ಪಕ್ಕ ಕೂತು ಕಾಲು ಚಾಚಿದ. ನಾಯಿ ಅವನ ತೊಡೆಯ ಮೇಲೆ ತಲೆ ಇಟ್ಟಿತು.

ಭಾನುವಾರ ಅಪ್ಪ ಹೀಗೆ ಸುಮ್ಮನೆ ಕೂತದ್ದನ್ನು ಅವಳು ನೋಡಿರಲೇ ಇಲ್ಲ. ನಾಲಗೆಯ ತುದಿಗೆ ಒಂದು ‘ಯಾಕೆ’ ಬಂತು. ಅದನ್ನು ಅಲ್ಲೇ ನಿಲ್ಲಿಸಿ, ಹಲಗೆ ಸದ್ದಾಗದಂತೆ ಮೆಲ್ಲಗೆ ನಡೆದು ಹೋಗಿ ಅವನ ಇನ್ನೊಂದು ಪಕ್ಕ ಕೂತಳು.