ಹೆಣದ ಪಾತ್ರ

ಈ ವರ್ಷದ ನಾಟಕದಲ್ಲಿ ಅಂಕುಶ ನಾರ್ವೇಕರನ ಪಾಲಿಗೆ ಹೆಣದ ಪಾತ್ರ ಬಂತು.

ಚೌತಿ ಮುಗಿದ ಮೇಲೆ ದೇವಿಯ ಗುಡಿಯ ಪೌಳಿಯಲ್ಲಿ ನಾಟ್ಯಮಂಡಳಿಯವರೆಲ್ಲ ಕೂತು, ಒಂದೊಂದು ಲೋಟ ಚಹಾ ಇಳಿಸಿ, ಭಿಕೂ ಮಾಸ್ತರರ ಬಾಯಿಯಿಂದ ಪಾತ್ರ ಕೇಳಿಸಿಕೊಳ್ಳುವುದು ಬೋರಿಮಳದ ರೂಢಿ. ಮಾಸ್ತರರು ಮೊದಲು ತಮ್ಮ ಸೋದರಳಿಯ ರೋಹಿದಾಸನಿಗೆ ನಾಯಕನ ಪಾತ್ರ ಕೊಟ್ಟರು. ಆಮೇಲೆ ಉಳಿದವರಿಗೆ. ಎಲ್ಲ ಮುಗಿದು ಜನ ಪಂಚೆ ಕೊಡವಿಕೊಂಡು ಏಳುವ ಹೊತ್ತಿಗೆ ಅವರಿಗೆ ನೆನಪಾಯಿತು.

"ಅಂಕುಶಬಾಬ, ನೀನು ಅಪ್ಪ. ಮೊದಲನೇ ಅಂಕದಲ್ಲಿ ಲಕ್ವಾ ಹೊಡೆದು ಕುರ್ಚಿ ಮೇಲೆ ಕೂತಿರ್ತೀಯ, ಕೊನೇಲಿ ಸಾಯ್ತೀಯ. ಎರಡನೇ ಅಂಕ ಪೂರ್ತಿ ಹೆಣ."

"ಬಾಯಿಪಾಠದ ಗೋಳೇ ಇಲ್ಲ ನೋಡಿ ಅಂಕುಶಮಾಮಾ," ಎಂದ ರೋಹಿದಾಸ. ಎಲ್ಲರೂ ನಕ್ಕರು. ಅಂಕುಶನೂ ನಕ್ಕ. ನಗುವುದು ಅವನಿಗೆ ಅಭ್ಯಾಸವಾಗಿತ್ತು.

ಮಂಡಳಿ ಸೇರಿದಾಗ ಅವನಿಗೆ ಮೀಸೆ ಮೂಡುತ್ತಿತ್ತು. ಈಗ ಅದೇ ಮೀಸೆಗೆ ಬಣ್ಣ ಹಚ್ಚುತ್ತಾನೆ. ಅಷ್ಟು ವರ್ಷಗಳಲ್ಲಿ ಅವನು ಬಾಗಿಲು ಕಾಯುವ ಭಟನಾಗಿದ್ದ, ಓಲೆ ತರುವ ದೂತನಾಗಿದ್ದ, ಕೊನೆಗೆ ಬಂದು ಕೋಳ ತೊಡಿಸುವ ಪೋಲೀಸನಾಗಿದ್ದ. ಒಂದು ವರ್ಷ ಪರದೆಯ ಹಿಂದೆ ನಿಂತು ಹುಲಿಯಾಗಿ ಗರ್ಜಿಸಿದ್ದ. ಇನ್ನೊಂದು ವರ್ಷ, ಪೇಟೆಯ ಕಡೆಯಿಂದ ನೋಡಲು ಬಂದವರಿಗೆ ಕೊನೆಯ ದೋಣಿ ತಪ್ಪುತ್ತದೆಂದು ಅವನಿದ್ದ ಪ್ರವೇಶವನ್ನೇ ಮಾಸ್ತರರು ನಿಂತ ನಿಲುವಿನಲ್ಲಿ ಕತ್ತರಿಸಿ ಹಾಕಿದ್ದರು. ಅವನು ಬಣ್ಣ ಹಚ್ಚಿಕೊಂಡೇ ಮನೆಗೆ ಹೋಗಿದ್ದ. ಫೋಂಡಾ ಪೇಟೆಯಲ್ಲಿ ಅವನದೊಂದು ಬಳೆ ಅಂಗಡಿ. ಬಣ್ಣ, ಮಿಂಚು, ಮುತ್ತಿನ ಸರ ಸುಲಭಕ್ಕೆ ಸಿಗುತ್ತವೆಂದು ನಾಟಕದ ಸಾಮಾನಿನ ಜವಾಬ್ದಾರಿಯನ್ನೂ ಅವನ ಹೆಗಲಿಗೇ ಹಾಕಿದ್ದರು. ಹಳೆಯ ನಾಟಕಗಳ ಕಿರೀಟ, ಕತ್ತಿ, ಗಡ್ಡ, ಸಿಂಹಾಸನದ ಮುರಿದ ಕೈ, ಎಲ್ಲವೂ ಅವನ ಟ್ರಂಕುಗಳಲ್ಲಿದ್ದವು. ಕಿರೀಟವನ್ನು ತಲೆಗೆ ಇಟ್ಟುಕೊಳ್ಳುವ ಅವಕಾಶ ಮಾತ್ರ ಇರಲಿಲ್ಲ.

ಇದನ್ನೆಲ್ಲ ಅವನು ನುಂಗಿಕೊಳ್ಳುತ್ತಿದ್ದ. ನುಂಗಲಾಗದ್ದು ಮುಂದಿನ ವರ್ಷದ ಮಾತು. ಮಂಡಳಿಗೆ ಐವತ್ತು ತುಂಬುತ್ತದೆ. ಮೊದಲನೇ ವರ್ಷ ಆಡಿದ 'ಕುರುಡು ಮಹಾರಾಜ' ನಾಟಕವನ್ನೇ ಮತ್ತೆ ಆಡುವುದೆಂದು ಆಗಲೇ ನಿಶ್ಚಯವಾಗಿತ್ತು. ಆ ನಾಟಕವನ್ನು ಅಂಕುಶ ಚಡ್ಡಿ ಹಾಕುವ ವಯಸ್ಸಿನಲ್ಲಿ, ರಂಗದ ಮುಂದೆ ಮಣ್ಣಿನಲ್ಲಿ ಕೂತು ನೋಡಿದ್ದ. ಸಿಂಹಾಸನದಿಂದ ತಡವರಿಸಿಕೊಂಡು ಇಳಿದು ಬರುವ ಆ ಗಡ್ಡದ ಮಹಾರಾಜನನ್ನು ಕಂಡು ಜ್ವರ ಬಂದು ಮಲಗಿದ್ದ. ಅದರ ಒಂದೊಂದು ಮಾತೂ ಅವನಿಗೆ ಗೊತ್ತು. ಅಂಗಡಿಯಲ್ಲಿ ಗಿರಾಕಿಗಳಿಲ್ಲದಾಗ ಬಳೆಗಳಿಗೆ ಹೇಳುತ್ತಾನೆ. ಒಮ್ಮೆ ಎರಡು ಲೋಟ ಫೆಣಿ ಇಳಿದ ಮೇಲೆ ಮಾಸ್ತರರೇ, "ಆ ಪಾತ್ರ ನಿಂದೇ ರೇ," ಎಂದು ಅವನ ತೊಡೆ ತಟ್ಟಿದ್ದರು. ಈಗ ನೋಡಿದರೆ ರೋಹಿದಾಸ ಗಡ್ಡ ಬಿಡುತ್ತಿದ್ದಾನೆ. ಯಾಕೆಂದು ಕೇಳಿದರೆ, "ಸುಮ್ಮನೆ, ಮಾಮಾ," ಎನ್ನುತ್ತಾನೆ.

ಮಾಸ್ತರರು ಇಲ್ಲವಾದರೆ ಮಂಡಳಿ ನಡೆಸುವವರು ಯಾರು? ಹಿರಿಯ ಸದಸ್ಯ. ಹಿರಿಯ ಸದಸ್ಯ ಯಾರು? ಅಂಕುಶ. ಈ ಪ್ರಶ್ನೆ ಮೊದಲ ಸಲ ತಲೆಗೆ ಬಂದಾಗ ಅವನು ಬಳೆಯ ಕಪಾಟಿನ ಗಾಜು ಒರೆಸುತ್ತಿದ್ದ. ಒರೆಸುವ ಕೈ ನಿಂತಿತು. ಆಮೇಲೆ ಮತ್ತೆ ಒರೆಸತೊಡಗಿತು, ಮೊದಲಿಗಿಂತ ನಿಧಾನವಾಗಿ.

ದಾರಿಯನ್ನು ಮಾಸ್ತರರೇ ತೋರಿಸಿಕೊಟ್ಟಿದ್ದರು. ಇಷ್ಟೊಂದು ನಾಟಕ ಕಲಿಸಿದ ಮನುಷ್ಯ ಒಂದರದ್ದೂ ಕೊನೆಯ ಅಂಕವನ್ನು ಕಣ್ಣಾರೆ ನೋಡಿದವರಲ್ಲ. ಯಾರು ಎಲ್ಲಿ ತಪ್ಪುತ್ತಾರೋ ಎಂದು ಅವರ ಎದೆ ಹೊಡೆದುಕೊಳ್ಳುತ್ತದೆ. ಕೊನೆಯದಾದ ಎರಡನೇ ಅಂಕದ ಪರದೆ ಎದ್ದದ್ದೇ ಒಂದು ಬೀಡಿ ಹಚ್ಚಿ, ಗುಡಿಯ ಹಿಂದಿನ ಕೆರೆಯ ಮೋಟುಗೋಡೆಯ ಮೇಲೆ, ನೀರಿಗೆ ಬೆನ್ನು ಹಾಕಿ ಕೂತುಬಿಡುತ್ತಾರೆ. ಹಲಸಿನ ಮರಕ್ಕೆ ಕಟ್ಟಿದ ಮೈಕಿನ ಹಾರ್ನಿನಲ್ಲಿ ಬರುವ ಮಾತುಗಳ ಜೊತೆ ತುಟಿ ಆಡಿಸುತ್ತಾರೆ. ಆ ಹೊತ್ತಿಗೆ ಇಡೀ ಊರು ರಂಗದ ಮುಂದೆ ಇರುತ್ತದೆ. ಕೆರೆಯ ಕಡೆ ಒಂದು ನಾಯಿಯೂ ಸುಳಿಯುವುದಿಲ್ಲ. ಗೋಡೆಯ ಆ ಕಡೆ ಮೆಟ್ಟಿಲುಗಳಿಲ್ಲ, ನೇರ ಆಳ. ಮಾಸ್ತರರಿಗೆ ಈಜು ಬಾರದು. ಗಣಪತಿ ಬಿಡುವ ದಿನವೂ ಅವರು ಎದುರು ದಂಡೆಯ ಮೇಲಿನ ಮೆಟ್ಟಿಲು ಬಿಟ್ಟು ಇಳಿಯುವವರಲ್ಲ.

ಅಂಕುಶ ಎಲ್ಲಿರುತ್ತಾನೆ? ಊರಿನ ಎಲ್ಲರ ಕಣ್ಣೆದುರು ಮಂಚದ ಮೇಲೆ, ಬಿಳಿ ಬಟ್ಟೆ ಹೊದ್ದು, ಸತ್ತು.

ಈ ಯೋಚನೆಯ ಅಂದಕ್ಕೆ ಅವನೇ ಬೆರಗಾದ. ಹಿಂದೊಮ್ಮೆ ಕಳ್ಳನನ್ನು ಗಲ್ಲಿಗೇರಿಸುವ ನಾಟಕಕ್ಕೆಂದು ಅವನೇ ಹುಲ್ಲು ತುಂಬಿ ಹೊಲಿದ ಬೊಂಬೆ ಟ್ರಂಕಿನಲ್ಲಿತ್ತು. ಅದರ ಹೊಟ್ಟೆ ಸ್ವಲ್ಪ ಉಬ್ಬಿಸಿದ, ಪಾದಗಳಿಗೆ ತೆಂಗಿನ ಚಿಪ್ಪು ಕಟ್ಟಿದ. ಮಂಚವನ್ನು ಹಿಂದಿನ ಪರದೆಗೆ ಆನಿಸಿ ಇಟ್ಟ. ಪರದೆಯ ಹರಿದ ಜಾಗವನ್ನು ಹೊಲಿಯುವ ಜವಾಬ್ದಾರಿಯೂ ಅವನದೇ ಆದ್ದರಿಂದ ಅದನ್ನು ಹೊಲಿಯಲಿಲ್ಲ. ಎರಡು ಅಂಕಗಳ ನಡುವೆ ರಂಗ ಸಜ್ಜು ಮಾಡುವವನು ಅವನೊಬ್ಬನೇ. ಉಳಿದವರು ಪಕ್ಕದ ಶಾಲೆಯ ಕೋಣೆಯಲ್ಲಿ ಬಣ್ಣ ತಿದ್ದಿಕೊಳ್ಳುತ್ತಾ ಕೂತಿರುತ್ತಾರೆ. ಕೊನೆಯ ಪರದೆ ಬಿದ್ದಾಗ ಹರಕಿನಿಂದ ಒಳಗೆ ತೂರಿ, ಬೊಂಬೆಯನ್ನು ಮಂಚದ ಅಡಿ ತಳ್ಳಿ, ಬಟ್ಟೆ ಸರಿಸಿ ಎದ್ದು ಕೂತರಾಯಿತು.

ಹೆಣವನ್ನು ಯಾರಾದರೂ ಮುಟ್ಟಿದರೆ? ಅದೂ ತಾನಾಗಿಯೇ ಸರಿಹೋಯಿತು. ಮಗಳ ಪಾತ್ರಕ್ಕೆ ಮ್ಹಾಪ್ಸಾದಿಂದ ದುಡ್ಡು ಕೊಟ್ಟು ಕರೆಸಿದ್ದ ಕುಂದಾ ಎಂಬ ನಟಿ ತಾಲೀಮಿನ ಮೊದಲ ದಿನವೇ, ಬದುಕಿರುವವರನ್ನು ಹೆಣ ಎಂದುಕೊಂಡು ಮುಟ್ಟಿ ಅಳುವುದು ಒಳ್ಳೆಯದಲ್ಲ, ದೂರ ಕೂತೇ ಅಳುತ್ತೇನೆ ಎಂದು ಹಟ ಹಿಡಿದಳು. ಉಳಿದವರಿಗೂ ಅದೇ ಸರಿ ಕಂಡಿತು.

ಕೊನೆಯ ತಾಲೀಮಿನ ದಿನ ಅಂಕುಶ ಪರೀಕ್ಷೆ ಮಾಡಿ ನೋಡಿದ. ಬೊಂಬೆ ಮಲಗಿಸಿ ಬಟ್ಟೆ ಹೊದಿಸಿ ತಾನು ಪರದೆಯ ಹಿಂದೆ ನಿಂತ. ಅಂಕ ಪೂರ್ತಿ ನಡೆಯಿತು. ನಡುವೆ ರೋಹಿದಾಸ ಮಂಚದತ್ತ ತಿರುಗಿ, "ಮಾಮಾ, ಗೊರಕೆ ಹೊಡೀಬೇಡಿ," ಎಂದ. ಎಲ್ಲರೂ ನಕ್ಕರು. ಆ ಸಲ ಅಂಕುಶ ನಿಜವಾಗಿ ನಕ್ಕ, ಶಬ್ದವಿಲ್ಲದೆ.

ಉಳಿದದ್ದು ಸಮಯದ ಪ್ರಶ್ನೆ. ಹೋಗಿ ಬರಲು ಕುಂದಾಳ ಶೋಕಗೀತೆಯ ಹೊತ್ತು ಸಾಕು. ಸಾಲದಿದ್ದರೆ ಬಕ್ಷೀಸು ಇದ್ದೇ ಇದೆ. ಬೋರಿಮಳದ ಜನ ಮೆಚ್ಚಿದರೆ ಚಪ್ಪಾಳೆಗೆ ನಿಲ್ಲುವವರಲ್ಲ. ಚೀಟಿಯ ಜೊತೆ ನೋಟೋ ಪದಕವೋ ಕಳಿಸುತ್ತಾರೆ. ಮೈಕಿನ ವಸಂತ ನಾಟಕ ನಿಲ್ಲಿಸಿ, ಇಂಥವರಿಂದ ಇಂಥವರಿಗೆ ಎಂದು ಕೂಗಿ, ರಂಗಕ್ಕೆ ಹತ್ತಿ ಕಲಾವಿದರ ಎದೆಗೆ ಪಿನ್ನು ಚುಚ್ಚುತ್ತಾನೆ. ನಾಟಕ ಬಿಟ್ಟಲ್ಲಿಂದ ಮುಂದುವರಿಯುತ್ತದೆ. ಮಾಸ್ತರರು ಪ್ರತಿ ನಾಟಕಕ್ಕೂ ಕೋಟಿನ ಮೇಲೆ ಹಾಕಿಕೊಳ್ಳುವ ಬೆಳ್ಳಿ ಪದಕ ಹಾಗೆ ಬಂದದ್ದೇ. ಹರೆಯದಲ್ಲಿ ಯುದ್ಧದಲ್ಲಿ ಸತ್ತ ಸೇನಾಪತಿಯಾಗಿ ಬಿದ್ದಿದ್ದಾಗ ಯಾರೋ ಜಮೀನುದಾರ ಕಳಿಸಿದ್ದನಂತೆ. ಸೇನಾಪತಿ ಎದ್ದು, ಎದೆಯೊಡ್ಡಿ ಪದಕ ಚುಚ್ಚಿಸಿಕೊಂಡು, ಕೈಮುಗಿದು, ಮತ್ತೆ ಸತ್ತನಂತೆ. ಈ ಕತೆ ಕೇಳಿ ಕೇಳಿ ಅಂಕುಶನ ಕಿವಿ ತೂತಾಗಿತ್ತು. ಹಾಡಿಗೆ ಬಕ್ಷೀಸು ಬರದೇ ಇರುವುದಿಲ್ಲ. ಬಂದಷ್ಟೂ ತನಗೆ ಸಮಯ, ಎಂದು ಲೆಕ್ಕ ಹಾಕಿದ.

ನಾಟಕದ ದಿನ ದೀಪ ಹಚ್ಚುವ ಹೊತ್ತಿಗೆ ತೆಂಗಿನಕಾಯಿ ಒಡೆದು, ಮೂರನೆಯ ಗಂಟೆ ಬಾರಿಸಿದರು. ಮೊದಲ ಅಂಕದಲ್ಲಿ ಅಂಕುಶ ಲಕ್ವಾ ಹೊಡೆದ ಅಪ್ಪನಾಗಿ ಕೂತ. ಮಕ್ಕಳು ಅವನೆದುರೇ ಮನೆ ಪಾಲು ಮಾಡಿಕೊಳ್ಳುತ್ತಾ ಜಗಳವಾಡುತ್ತಿದ್ದರು. ಅವನ ಕಣ್ಣು ಮಾತ್ರ ಪಕ್ಕದ ಪರದೆಯ ಮರೆಯಲ್ಲಿ ನಿಂತಿದ್ದ ಮಾಸ್ತರರ ಮೇಲಿತ್ತು. ನಾಳೆ ಈ ಮನುಷ್ಯ ಇರುವುದಿಲ್ಲ ಎಂದುಕೊಂಡಾಗ ಅವನ ಗದ್ದ ತಾನಾಗಿ ಅದುರಿತು, ಬಾಯಿಯ ಓರೆಯಿಂದ ಜೊಲ್ಲು ಇಳಿಯಿತು. ಒರೆಸಿಕೊಳ್ಳಲು ಕೈ ಏಳಲಿಲ್ಲ. ಜನರ ಕಡೆಯಿಂದ ಒಂದು ಸದ್ದಿಲ್ಲ. ಬೇಸರ ಬಂದಿದೆ ಇವರಿಗೆ, ಎಂದುಕೊಂಡ ಅಂಕುಶ. ಮುಂದಿನ ಸಾಲಿನಲ್ಲಿ ಯಾರೋ ಮುದುಕಿ ಸೆರಗು ಬಾಯಿಗೆ ಒತ್ತಿಕೊಂಡದ್ದು ಕಂಡಿತು. ಆಕಳಿಕೆಯಿರಬೇಕು. ಹೊತ್ತು ಬಂದಾಗ ಅವನು ಕುರ್ಚಿಯಿಂದ ಜಾರಿ ಸತ್ತ. ಪರದೆ ಬಿತ್ತು.

ಮುಂದೆ ಎಲ್ಲವೂ ತಾಲೀಮಿನಂತೆಯೇ ನಡೆಯಿತು. ಬೊಂಬೆ, ಬಟ್ಟೆ, ಎರಡನೇ ಅಂಕದ ಗಂಟೆ. ಕುಂದಾ ಹಾಡು ಎತ್ತಿಕೊಂಡದ್ದೇ ಅವನು ಹಿಂಬಾಗಿಲಿನಿಂದ ಇಳಿದ. ಕೆಮ್ಮಣ್ಣಿನ ಮೇಲೆ ಬರಿಗಾಲು, ಸಪ್ಪಳವಿಲ್ಲ. ಹಾಡು ಕೆರೆಯ ಮೇಲೆಲ್ಲ ಹರಡಿತ್ತು. ಗೋಡೆಯ ಮೇಲೆ ಬೀಡಿಯ ಕೆಂಡ ಕಂಡಿತು, ಅದರ ಹಿಂದೆ ಕೋಟು.

ಮಾಸ್ತರರು ತಲೆಯೆತ್ತಿದರು. ಹೆದರಲಿಲ್ಲ. ಅವರ ದನಿಯಲ್ಲಿ ಏನೋ ಹುಡುಗರ ಸಡಗರವಿತ್ತು.

"ಕೊಟ್ರಾ ಆಗ್ಲೇ? ಹಾಡು ಮುಗಿದ ಮೇಲೆ ಅಂತ ಹೇಳಿದ್ದೆ ನಾನು."

ಅಂಕುಶ ಇನ್ನೊಂದು ಹೆಜ್ಜೆ ಹತ್ತಿರ ಬಂದ. ಮುದುಕ ಏನೋ ಬಡಬಡಿಸುತ್ತಿದ್ದಾನೆ ಅನ್ನಿಸಿತು.

"ಹೆಣ ಹೀಗೆ ಎದ್ದು ತಿರುಗಬಾರದು ರೇ. ಹೋಗು, ಮಲಗು," ಎಂದು ಮಾಸ್ತರರು ನಕ್ಕರು.

ಅವನು ಎರಡೂ ಅಂಗೈಗಳನ್ನು ಅವರ ಎದೆಗಿಟ್ಟು ತಳ್ಳಿದ. ಕೋಟಿನ ಒರಟು ಬಟ್ಟೆ ಬಿಟ್ಟರೆ ಕೈಗೆ ಏನೂ ತಾಗಲಿಲ್ಲ. ಯಾವಾಗಲೂ ಅಲ್ಲಿ ತೂಗುತ್ತಿದ್ದ ತಣ್ಣನೆಯ ಬೆಳ್ಳಿ ಇರಲಿಲ್ಲ. ಅದು ಅವನಿಗೆ ಗೊತ್ತಾಯಿತು. ಗೊತ್ತಾದದ್ದು ಅಲ್ಲಿಗೇ ನಿಂತಿತು. ಕೆಳಗೆ ನೀರು ಒಮ್ಮೆ ದೊಡ್ಡದಾಗಿ ಬಾಯಿಬಿಟ್ಟಿತು. ಹಾಡಿನ ಎತ್ತರದ ಸ್ವರ ಉಳಿದ ಸದ್ದನ್ನು ನುಂಗಿತು. ಅವನು ಗೋಡೆಗೆ ಕೈಯೂರಿ, ನೀರು ಸುಮ್ಮನಾಗುವವರೆಗೆ ಕಾದ. ಕೆಳಗೆ ಬಿದ್ದಿದ್ದ ಬೀಡಿ ಇನ್ನೂ ಹೊಗೆಯಾಡುತ್ತಿತ್ತು. ಅದನ್ನು ಹಾಗೇ ಬಿಟ್ಟ. ಕೂತಲ್ಲೇ ತಲೆಸುತ್ತು ಬಂದು ಬಿದ್ದ ಮುದುಕನ ಬೀಡಿ ಹಾಗೇ ಇರಬೇಕು.

ಹಾಡು ಮುಗಿಯಿತು. ಸೀಟಿ, ಚಪ್ಪಾಳೆ. ಹಾರ್ನಿನಲ್ಲಿ ವಸಂತ ಗಂಟಲು ಸರಿಮಾಡಿಕೊಂಡು ಬಕ್ಷೀಸು ಕೂಗತೊಡಗಿದ: ಕುಂದಾಬಾಯಿಗೆ ಸರಪಂಚರಿಂದ, ಕುಂದಾಬಾಯಿಗೆ ಸೋಡಾ ಅಂಗಡಿಯ ಗೆಳೆಯರಿಂದ. ಅಂಕುಶ ಅವಸರ ಮಾಡದೆ ನಡೆದ. ಲೆಕ್ಕ ಹಾಕಿದ್ದಕ್ಕಿಂತ ಹೆಚ್ಚೇ ಸಮಯ ಸಿಕ್ಕಿತ್ತು. ಮುಂದಿನ ವರ್ಷದ ಕಿರೀಟಕ್ಕೆ ಹಳೇ ಮುತ್ತು ಬೇಡ, ಹೊಸದು ಹೊಲಿಸಬೇಕು, ಎಂದು ಯೋಚಿಸುತ್ತಾ ಹಿಂಬಾಗಿಲ ಮೆಟ್ಟಿಲಿನ ಮೇಲೆ ಕಾಲಿಟ್ಟ.

ಆಗ ಹಾರ್ನಿನಲ್ಲಿ ಒಂದು ಹೆಸರು ಕೇಳಿತು. ಇಷ್ಟು ವರ್ಷದಲ್ಲಿ ಆ ಹಾರ್ನು ಎಂದೂ ಕೂಗದ ಹೆಸರಾದ್ದರಿಂದ ಅದು ತನ್ನದೆಂದು ತಿಳಿಯಲು ಅವನಿಗೆ ಒಂದು ಕ್ಷಣ ಬೇಕಾಯಿತು. ತಿಳಿದ ಮೇಲೂ ಇನ್ನೊಂದು ಕ್ಷಣ ಅವನು ಸುಖದಿಂದಲೇ ನಿಂತಿದ್ದ. "ಅಂಕುಶ ನಾರ್ವೇಕರ ಅವರಿಗೆ," ಎನ್ನುತ್ತಿದ್ದ ವಸಂತ, "ಅಪ್ಪನ ಪಾತ್ರಕ್ಕಾಗಿ, ಭಿಕೂ ಮಾಸ್ತರರ ಕಡೆಯಿಂದ, ಅವರ ಸ್ವಂತ ಬೆಳ್ಳಿ ಪದಕ." ಊರಿಗೆ ಊರೇ ಚಪ್ಪಾಳೆ ತಟ್ಟಿತು. ಅವನು ಓಡಿದ. ಪರದೆಯ ಹರಕಿಗೆ ಕಣ್ಣಿಟ್ಟಾಗ ವಸಂತ ಆಗಲೇ ಮಂಚದ ಬಳಿ ಬಂದಿದ್ದ. "ಏಳಿ ಮಾಮಾ, ಒಂದು ಗಳಿಗೆ ಸಾಯೋದು ನಿಲ್ಲಿಸಿ," ಎಂದ. ಜನ ನಕ್ಕರು. ಹೆಣ ಏಳಲಿಲ್ಲ, ಇದಪ್ಪಾ ನಟನೆ ಎಂದು ಯಾರೋ ಕೂಗಿದರು, ಚಪ್ಪಾಳೆ ಇನ್ನೂ ಜೋರಾಯಿತು. ಹಾಗಾದರೆ ಮಲಗಿದ್ದಲ್ಲಿಗೇ ಚುಚ್ಚುತ್ತೇನೆಂದು ವಸಂತ ಬಗ್ಗಿ, ಪದಕದ ಪಿನ್ನನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಎರಡೂ ಕೈಗಳಿಂದ ಎದೆಯ ಮೇಲಿನ ಬಿಳಿ ಬಟ್ಟೆಯನ್ನು ಕೆಳಗೆ ಸರಿಸಿದ.