ಕೆಮ್ಮುವ ಗಂಟೆ

ಬಹಳ ಹಿಂದೆ, ಸಮುದ್ರ ಇನ್ನೂ ಹೇಳಿದ ಮಾತು ಕೇಳುತ್ತಿದ್ದ ಕಾಲದಲ್ಲಿ, ಮುತ್ತುಗಡಲು ಎಂಬ ರಾಜ್ಯವಿತ್ತು. ಅದರ ದಡದಲ್ಲೊಂದು ಪುಟ್ಟ ಇಗರ್ಜಿ, ಇಗರ್ಜಿಗೊಂದು ಪುಟ್ಟ ಗಂಟೆ. ಊರ ಹೆಂಗಸರು ಮನೆಯ ಸೌಟು, ತಟ್ಟೆ, ಗೆಜ್ಜೆಗಳನ್ನೆಲ್ಲ ಕೊಟ್ಟು ಎರಕ ಹೊಯ್ಯಿಸಿದ್ದು. ಎರಕ ಆರುವ ತನಕ ಕಾಯುವ ತಾಳ್ಮೆ ಆ ಊರಿನವರಿಗೆಲ್ಲಿ? ಬಿಸಿಯಿರುವಾಗಲೇ ಬಾರಿಸಿದರು, ಅಂಚು ಬಿರುಕು ಬಿಟ್ಟಿತು. ಅಂದಿನಿಂದ ಗಂಟೆ ಮುದುಕನ ಹಾಗೆ ಕೆಮ್ಮುತ್ತಿತ್ತು. ಮಂಜು ಕವಿದಾಗ ದೋಣಿಗಳು ಆ ಕೆಮ್ಮನ್ನು ಕೇಳಿಯೇ ದಡ ಸೇರುತ್ತಿದ್ದವು.

ಆ ಇಗರ್ಜಿಯಲ್ಲೇ ರಾಜಕುಮಾರಿಯ ಮದುವೆ ಎಂದು ಗೊತ್ತಾದಾಗ ಗಂಟೆಯ ಕೆಮ್ಮು ನೆನೆದು ಊರಿಗೆ ನಾಚಿಕೆಯಾಯಿತು. ಆಗ ಹೊಗೆಗಣ್ಣನೆಂಬ ಮಾಂತ್ರಿಕ ಬಂದ.

"ಒಡಕು ಮುಚ್ಚಿಕೊಡುತ್ತೇನೆ. ಕೂಲಿ ಬೇಡ, ಹಳೆಯ ದನಿ ಕೊಡಿ, ಸಾಕು."

"ಆ ಕೆಮ್ಮು ಯಾರಿಗೆ ಬೇಕು? ತಕೊಂಡು ಹೋಗಿ," ಎಂದರು ಊರವರು. ಗಂಟೆ ಬಾರಿಸುವ ಜಾಸಿಂತಳೂ ಹೂಂಗುಟ್ಟಿದಳು. ಮಾಂತ್ರಿಕ ದನಿಯನ್ನು ಮಡಕೆಯಲ್ಲಿ ತುಂಬಿಕೊಂಡು ಹೋದ. ಹೊಸ ದನಿ ಜೇನಿನಷ್ಟು ಸಿಹಿಯಾಗಿತ್ತು.

ಮರುದಿನ ಮಂಜು ಕವಿಯಿತು. ಜಾಸಿಂತಳ ಗಂಡ ಸಂತಾನನೂ ಊರ ಗಂಡಸರೂ ಕಡಲಲ್ಲಿದ್ದರು. ಅವಳು ಕೈ ಸೋಲುವಷ್ಟು ಬಾರಿಸಿದಳು. ಒಂದು ದೋಣಿಯೂ ಬರಲಿಲ್ಲ. ದೂರದ ಕರಿಬಂಡೆಯ ಕಡೆಯಿಂದ ಮಾತ್ರ ಆ ಹಳೆಯ ಕೆಮ್ಮು ಕೇಳಿಬಂತು. ಆ ಬಂಡೆ ಮುಟ್ಟಿದವರು ಕಲ್ಲಾಗುತ್ತಿದ್ದರು. ಜಾಸಿಂತ ಇಗರ್ಜಿಯ ಪಾದ್ರಿಗಳ ಬಳಿಗೆ ಓಡಿದಳು.

"ಹೊಸ ದನಿಯ ಗುರುತು ಅವರಿಗೆಲ್ಲಿಂದ ಬರಬೇಕು ಮಗಾ?" ಎಂದರು ಪಾದ್ರಿಗಳು.

ಅವಳು ಮರದ ಗಿಲಕಿ ಹಿಡಿದು ದೋಣಿ ಹತ್ತಿದಳು. ಪ್ರತಿ ವರ್ಷ ಶುಭ ಶುಕ್ರವಾರದಂದು ಗಂಟೆ ಬಾರಿಸುವಂತಿಲ್ಲ, ಗಿಲಕಿಯನ್ನೇ ಆಡಿಸಬೇಕು. ಗಿಲಕಿ ಆಡಿದಲ್ಲಿ ಗಂಟೆ ಬಾಯಿ ಮುಚ್ಚಬೇಕು. ಅದು ಇಗರ್ಜಿಯ ಕಟ್ಟಳೆ.

ದಾರಿಯಲ್ಲಿ ಮನೆಯಷ್ಟು ದೊಡ್ಡ ಏಡಿ ಅಡ್ಡ ಬಂತು. ಗಿಲಕಿ ಆಡಿಸಿದಳು, ಕಟಕಟ ಕಟಕಟ. ಬಂಡೆಯ ದನಿ ಒಮ್ಮೆ ತಡವರಿಸಿತು, ಏಡಿ ಅಂಗೈಯಷ್ಟಾಯಿತು. ಮುಂದೆ ಏಳು ಹೆಡೆಯ ಹಾವು ಎದ್ದಿತು. ಕಟಕಟ ಕಟಕಟ. ದನಿ ಅರ್ಧಕ್ಕಿಳಿಯಿತು, ಹಾವು ಪಾಚಿಯಾಗಿ ತೇಲಿತು. ಕೊನೆಗೆ ಬಂಡೆಯ ಮೇಲೆ ದನಿಯ ಮಡಕೆ ಹಿಡಿದು ಹೊಗೆಗಣ್ಣನೇ ನಿಂತಿದ್ದ. ಕಟಕಟ ಕಟಕಟ. ಮಡಕೆ ಪೂರ್ತಿ ಮೌನವಾಯಿತು. ಬಂಡೆಯತ್ತ ಬರುತ್ತಿದ್ದ ದೋಣಿಗಳು ಹುಟ್ಟು ನಿಲ್ಲಿಸಿದವು.

"ದನಿ ಸತ್ತಿತೋ ಏನು ಕತೆಯೋ," ಎಂದು ಮಾಂತ್ರಿಕ ಮುಚ್ಚಳ ಎತ್ತಿ ಇಣುಕಿದ.

ಜಾಸಿಂತ ಗಿಲಕಿ ನಿಲ್ಲಿಸಿದಳು. ಅಷ್ಟೇ ಸಾಕಾಯಿತು. ದನಿ ಅವನ ಮುಖಕ್ಕೇ ಕೆಮ್ಮಿ, ಕಡಲ ಮೇಲೆ ಹಾರಿ, ಗಂಟೆಯೊಳಗೆ ಹೊಕ್ಕಿತು. ಗಂಟೆ ಮತ್ತೆ ಬಿರುಕು ಬಿಟ್ಟು ತಾನಾಗಿ ಮೊಳಗಿತು. ಮಂಜು ಕರಗಿತು, ಮಂಜಿನಿಂದಾದ ಮಾಂತ್ರಿಕನೂ ಕರಗಿದ.

ದಡಕ್ಕೆ ಬಂದ ಸಂತಾನ ಕೇಳಿದ, "ಎಂತ ಮಾರಾಯ್ತಿ, ನಿನ್ನ ಗಂಟೆ ಊರು ಬಿಟ್ಟು ಹೋಗಿತ್ತಾ?"

"ನಾವೇ ಕಳಿಸಿದ್ದು. ಇನ್ನು ಕಳಿಸುವುದಿಲ್ಲ," ಎಂದು ಅವಳು ಅವನ ಒದ್ದೆ ಅಂಗಿ ಹಿಡಿದುಕೊಂಡು ಅತ್ತಳು.

ರಾಜಕುಮಾರಿಯ ಮದುವೆಗೆ ಗಂಟೆ ಮನಸಾರೆ ಕೆಮ್ಮಿತು. ಮದುಮಗಳು ನಕ್ಕಳು, ಊರೇ ನಕ್ಕಿತು. ಅಲ್ಲಿಂದ ಮುಂದೆ ಮುತ್ತುಗಡಲಿನ ದೋಣಿಗಳೆಲ್ಲ ಹೊತ್ತಿಗೆ ಸರಿಯಾಗಿ ಮನೆ ಸೇರಿದವು, ಎಲ್ಲರೂ ಸುಖವಾಗಿ ಉಂಡು ಮಲಗಿದರು. ಗಂಟೆಯ ಬಿರುಕು ಇಂದಿಗೂ ಹಾಗೇ ಇದೆ.