ಆಯಿ ತೇಗಿದ ಸಂಜೆ

"ಡರ್ರ್ರ್!"

ಆಯಿ ಮತ್ತೆ ತೇಗಿದಳು. ಚಿಮಣಿ ದೀಪದ ಬೆಳಕಿನಲ್ಲಿ ಗೋಡೆಯ ಮೇಲಿನ ಅವಳ ನೆರಳು ಒಮ್ಮೆ ಉಬ್ಬಿ ಮತ್ತೆ ಕುಗ್ಗಿತು. ಸಂಜೆಯೇ ಕರೆಂಟು ಹೋಗಿತ್ತು. ಕಸ್ತೂರಿ ಅವ್ವನ ಸೆರಗು ಹಿಡಿದುಕೊಂಡು ಕಂಬಕ್ಕೆ ಒತ್ತಿ ನಿಂತಳು.

ಆಯಿ ಎಂದರೆ ಕಸ್ತೂರಿಯ ಅಜ್ಜಿ, ದುಂಡವ್ವ. ಹೊಟ್ಟೆ ಹಿಡಿದುಕೊಂಡು ಹಿಂದೆ ಮುಂದೆ ತೂಗುತ್ತಿದ್ದಳು. ಕಣ್ಣು ಮುಚ್ಚಿದ್ದವು. ಬೆಳ್ಳಗಿನ ಕೂದಲು ಬಿಚ್ಚಿ ಹರಡಿತ್ತು. "ಹೂಂ... ಹೂಂ..." ಎನ್ನುವ ಆ ದನಿ ಅವಳದೇ ಅನ್ನಿಸುತ್ತಿರಲಿಲ್ಲ.

"ತಾಯಿ ಬಂದಾಳ!" ಎಂದಳು ಪಕ್ಕದ ಮನೆಯ ಗಂಗೂಬಾಯಿ. "ದೇವಿ ಮೈಮ್ಯಾಗ ಬರೂಮುಂದ ಹಿಂಗ ತೇಗತಾರ. ನವರಾತ್ರಿ ಬ್ಯಾರೆ. ಕುಂಕುಮ ತಗೊಂಬಾ ಶಿವಗಂಗವ್ವ!"

ಅವ್ವ ಆಯಿಯ ಹಣೆ ತುಂಬ ಕುಂಕುಮ ಬಳಿದಳು. ನೆರೆದ ಹೆಂಗಸರಲ್ಲಿ ಯಾರೋ ಲೋಬಾನದ ಹೊಗೆ ಹಾಕಿದರು. ಮನೆಯೆಲ್ಲ ಮಬ್ಬಾಯಿತು. ಹೊಗೆಯೊಳಗೆ ಆ ಕೆಂಪು ಹಣೆಯೊಂದೇ ತೂಗುತ್ತಿತ್ತು.

ಇದು ದೇವಿಯಲ್ಲ ಎಂದು ಇಡೀ ಸತ್ತಿ ಊರಿನಲ್ಲಿ ಕಸ್ತೂರಿ ಒಬ್ಬಳಿಗೇ ಗೊತ್ತಿತ್ತು.

ಆ ದಿನ ಅವಳು ಶಾಲೆಯಿಂದ ಬಂದಾಗ ಆಯಿ ದನದ ಕೊಟ್ಟಿಗೆಯಲ್ಲಿ ಕುಳಿತಿದ್ದಳು. ನವರಾತ್ರಿಯಲ್ಲಿ ದೇವರ ಮುಂದೆ ದೀಪ ಹಚ್ಚುವವರೆಗೆ ಆಯಿ ಬಾಯಿಗೆ ಏನೂ ಹಾಕುವಂತಿಲ್ಲ. ಆದರೆ ಅವಳ ಉಡಿಯಲ್ಲಿ ಆಳುಗಳಿಗೆಂದು ಕುದಿಸಿಟ್ಟ ಶೇಂಗಾ! ಬಾಯಲ್ಲಿ ಹಲ್ಲಿಲ್ಲ, ಅಗಿಯಲು ಪುರಸೊತ್ತೂ ಇಲ್ಲ. ಗಬಗಬ ನುಂಗಿ, ಮೇಲೆ ಒಂದು ತಂಬಿಗೆ ತಣ್ಣೀರು ಸುರಿದುಕೊಂಡಿದ್ದಳು.

"ತಡಕೊಳ್ಳಾಕ ಆಗಲಿಲ್ಲ ಕೂಸ," ಎಂದಿದ್ದಳು. "ಯಾರ ಮುಂದೂ ಹೇಳಬ್ಯಾಡ. ನನ್ನ ಆಣಿ ಐತಿ."

ಆಣೆ ಮುರಿದರೆ ಆಯಿ ಸಾಯುತ್ತಾಳೆ. ಹೇಳದೆ ಇದ್ದು, ಹೊಟ್ಟೆನೋವಿನಿಂದಲೇ ಸತ್ತರೆ? ಅತ್ತ ದರಿ, ಇತ್ತ ಪುಲಿ. ಕಸ್ತೂರಿಗೆ ಅಳು ಬಂತು.

"ಅವ್ವಾ, ಡಾಕ್ಟರ್‌ನ ಕರಸಬೇ. ಆಯಿಗೆ ಗ್ಯಾಸ್ ಆಗಿರಬೇಕು."

"ಬಾಯಿ ಮುಚ್ಚ!" ಗಂಗೂಬಾಯಿ ಗದರಿದಳು. "ದೇವಿಗೆ ಗ್ಯಾಸ್ ಅಂತಿಯೇನ?" ಆಮೇಲೆ ಆಯಿಯ ಕಡೆ ತಿರುಗಿ ಕೈಮುಗಿದಳು. "ಏನ ಬೇಕು ಹೇಳ ತಾಯಿ. ಸೀರಿ ಬೇಕೋ? ಉಡಿ ತುಂಬಬೇಕೋ?"

ಆಯಿ ತೂಗುತ್ತಲೇ ಇದ್ದಳು. ಬೆವರಿನ ಜೊತೆ ಕುಂಕುಮ ಮೂಗಿನ ಮೇಲೆ ರಕ್ತದ ಹಾಗೆ ಇಳಿಯುತ್ತಿತ್ತು.

ಕಸ್ತೂರಿ ಸೆರಗು ಬಿಟ್ಟಳು. ಹೊಗೆಯೊಳಗೆ ನಡೆದಳು. ಆಯಿಯ ಮುಂದೆ ಕುಳಿತು, ಗಂಗೂಬಾಯಿಯ ಹಾಗೆಯೇ ಕೈಮುಗಿದಳು.

"ತಾಯಿ, ನಿನಗ ಬಿಸಿನೀರು ಬೇಕೇನ? ಅಜಿವಾನ, ಉಪ್ಪು ಹಾಕಿದ್ದು?"

ತೂಗಾಟ ನಿಂತಿತು. ಆಯಿಯ ಒಂದು ಕಣ್ಣು ಮೆಲ್ಲಗೆ ತೆರೆಯಿತು.

"ಬೇಕು," ಎಂದಿತು ಆ ದನಿ. "ಲಗೂನ ತಾ."

"ತಾಯಿ ಕೇಳ್ಯಾಳ! ಓಡ ಶಿವಗಂಗವ್ವ!" ಎಂದ ಗಂಗೂಬಾಯಿ, ತಾನೇ ಓಡಿಹೋಗಿ ಒಲೆ ಊದಿದಳು.

ಬಿಸಿನೀರು ಹೊಟ್ಟೆಗಿಳಿದು ಸ್ವಲ್ಪ ಹೊತ್ತಾಗಿತ್ತು. ಮತ್ತೆ ದೊಡ್ಡ ಸದ್ದಾಯಿತು. ಈ ಸಲ ಅದು ಬಾಯಿಂದ ಬಂದದ್ದಲ್ಲ.

"ತಾಯಿ ಹೋದ್ಲು," ಎಂದು ಹೆಂಗಸರು ಭಕ್ತಿಯಿಂದ ಕೈಮುಗಿದು ಮನೆಗೆ ಹೊರಟರು. ಕಸ್ತೂರಿ ತುಟಿ ಕಚ್ಚಿ ನಗು ತಡೆದಳು.

ಅವ್ವ ಅವರನ್ನು ಕಳಿಸಲು ಬಾಗಿಲಿಗೆ ಹೋದಾಗ ಕಸ್ತೂರಿ ಆಯಿಯ ಕಿವಿಯಲ್ಲಿ, "ಭಾರಿ ನಾಟಕ ಮಾಡಿದಿ ಬಿಡ ಆಯಿ!" ಎಂದಳು.

ಆಯಿ ನಗಲಿಲ್ಲ. ಅವಳ ಕಣ್ಣು ದೇವರ ಜಗಲಿಯ ಮೇಲಿತ್ತು.

"ನಾಟಕ ಅಲ್ಲ ಕೂಸ. ನೀರು ಬೇಕು ಅಂದಾಕಿ ನಾನೋ, ಅಕಿನೋ, ನನಗ ತಿಳೀಲಿಲ್ಲ. ಕದ್ದು ತಿಂದೆ ನೋಡ... ಖರೇ ಹೇಳ, ನನ್ನ ಕಾಡಾಕ ಅಕಿ ಬಂದಿದ್ಲೇನ?"

ಆಯಿಯ ಕೈ ತಣ್ಣಗಿತ್ತು. ಇಷ್ಟು ದೊಡ್ಡವಳಾದ ಆಯಿಗೂ ತನ್ನಷ್ಟೇ ಹೆದರಿಕೆ! ಕಸ್ತೂರಿ ಆ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಮುಚ್ಚಿಕೊಂಡಳು.

"ಇಲ್ಲ ಆಯಿ," ಎಂದಳು. "ನಿನ್ನ ಮುಂದ ನಾ ಅಷ್ಟ ಇದ್ದೆ."